ಸೆನೆಕನ ದಯೆಯ ಪಾಠವನ್ನು ಅವನ ಬದುಕಿನಿಂದ ಬಿಡಿಸಿ ಓದಬಹುದೇ?

ತುಂಗಾತೀರ:

ಕಳೆದ ಮೂರು ತಿಂಗಳಿಂದ ರೋಮನ್ ತತ್ತ್ವಜ್ಞಾನಿ ಸೆನೆಕ ದಯೆಯ ಬಗ್ಗೆ ಬರೆದ ‘ದೆ ಕ್ಲೆಮೆಂಟಿಯಾ’ವನ್ನೂ ರೋಮನ್ ಇತಿಹಾಸಕಾರ ಟ್ಯಾಸಿಟಸನ ‘ಆನಲ್ಸ್’ ಅನ್ನೂ ಇಂಗ್ಲಿಷ್ ಅನುವಾದದಲ್ಲಿ ಜೊತೆಜೊತೆಯಾಗಿ ಓದುತ್ತಿದ್ದೇನೆ. ಬೆಳಿಗ್ಗೆ ಒಂದು, ರಾತ್ರಿ ಇನ್ನೊಂದು. ಹೀಗೆ ಓದದೆ ಹೋಗಿದ್ದರೆ ಈ ಪ್ರಶ್ನೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲವೇನೋ.

ಸೆನೆಕ ತನ್ನ ಶಿಷ್ಯನೂ ರೋಮಿನ ಸಾಮ್ರಾಟನೂ ಆದ ನೀರೋವಿಗೆ ಈ ಪುಸ್ತಕವನ್ನು ಬರೆದದ್ದು ಕ್ರಿ.ಶ. 55–56ರ ಸುಮಾರಿಗೆ. ಸಾಮ್ರಾಟನಿಗೆ ಆಗ 18 ವರ್ಷ. ನಿನಗೆ ನಿನ್ನನ್ನೇ ತೋರಿಸುವ ಕನ್ನಡಿಯಾಗಿ ಇದನ್ನು ಬರೆಯುತ್ತಿದ್ದೇನೆ ಎಂಬ ಮಾತಿನಿಂದ ಪುಸ್ತಕ ಆರಂಭವಾಗುತ್ತದೆ. ಸ್ವಲ್ಪ ಮುಂದೆ ಹೋದರೆ, ಇಡೀ ಲೋಕದಲ್ಲಿ ನೀನು ಮನುಷ್ಯರ ರಕ್ತವನ್ನು ಒಂದು ಹನಿಯೂ ಚೆಲ್ಲಿಲ್ಲ ಎಂಬ ಹೊಗಳಿಕೆ ಬರುತ್ತದೆ. ಆದರೆ 55ರ ಆರಂಭದಲ್ಲೇ, ದತ್ತು ಸಂಬಂಧದಿಂದ ನೀರೋವಿಗೆ ತಮ್ಮನಾದ ಬ್ರಿಟಾನಿಕಸ್ ಅರಮನೆಯ ಊಟದ ಮೇಜಿನಲ್ಲಿ ಎಲ್ಲರ ಕಣ್ಣೆದುರು ಕುಸಿದು ಸತ್ತಿದ್ದ. ಅದು ಅಣ್ಣನೇ ಹಾಕಿಸಿದ ವಿಷ ಎಂದು ಟ್ಯಾಸಿಟಸ್ ಸ್ಪಷ್ಟವಾಗಿ ಬರೆಯುತ್ತಾನೆ. ಹಾಗಿದ್ದರೆ ಆ ಕನ್ನಡಿಯಲ್ಲಿ ಸೆನೆಕ ತೋರಿಸಿದ್ದು ಯಾರ ಮುಖವನ್ನು?

ಮುಂದಿನದು ಇನ್ನೂ ಕಠಿಣವಾಗಿದೆ. 59ರಲ್ಲಿ ನೀರೋ ತನ್ನ ತಾಯಿ ಅಗ್ರಿಪ್ಪಿನಾಳನ್ನು ಕೊಲ್ಲಿಸಿದ. ಅವಳೇ ತನ್ನನ್ನು ಕೊಲ್ಲಲು ಸಂಚು ಹೂಡಿದ್ದಳೆಂದು ಅವನು ಸೆನೆಟ್ಟಿಗೆ ಕಳಿಸಿದ ಪತ್ರವನ್ನು ರಚಿಸಿಕೊಟ್ಟವನು ಸೆನೆಕ. ನೀರೋವಿನ ಕ್ರೌರ್ಯ ಜನರ ದೂರುಗಳನ್ನೆಲ್ಲ ಮೀರಿ ಹೋಗಿದ್ದರಿಂದ ನಿಂದೆಯು ಅವನನ್ನು ಬಿಟ್ಟು ಸೆನೆಕನ ಮೇಲೆ ಬಿತ್ತು ಎಂದು ಟ್ಯಾಸಿಟಸ್ ಹೇಳುತ್ತಾನೆ. ಸೆನೆಕನ ಹೆಸರಿನಲ್ಲಿ ಬಿಡಿಬಿಡಿಯಾದ ಸೂಕ್ತಿಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಅವುಗಳನ್ನು ಓದಿ ಸಮಾಧಾನ ಪಡೆದವರಲ್ಲಿ ನಾನೂ ಒಬ್ಬನು. ಆ ಮಾತುಗಳನ್ನು ಅವನ ಬದುಕಿನಿಂದ ಬಿಡಿಸಿ ಇಟ್ಟುಕೊಳ್ಳುವುದು ಸರಿಯೇ, ಅಥವಾ ಎರಡನ್ನೂ ಕೂಡಿಸಿಯೇ ಓದಬೇಕೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಲ್ಯಾಟಿನ್ ಕಲಿಕೆ:

ತುಂಗಾತೀರ ಅವರೇ, ಮೊದಲು ಪದದ ವಿಚಾರವನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ತೊಡಕಿನ ಒಂದು ಎಳೆ ಅಲ್ಲಿಯೇ ಇದೆ. ‘ಕ್ಲೆಮೆಂಟಿಯಾ’ ಎಂಬುದಕ್ಕೆ ನಾವು ದಯೆ ಎಂದು ಬರೆದ ಕೂಡಲೇ, ಯಾರೂ ಯಾರ ಮೇಲೂ ತೋರಬಹುದಾದ ಮರುಕ ನಮ್ಮ ಮನಸ್ಸಿಗೆ ಬರುತ್ತದೆ. ಸೆನೆಕ ಕೊಡುವ ಲಕ್ಷಣ ಬೇರೆ. ಸೇಡು ತೀರಿಸಿಕೊಳ್ಳುವ ಶಕ್ತಿ ಕೈಯಲ್ಲಿದ್ದಾಗ ಮನಸ್ಸು ತೋರುವ ಸಂಯಮ, ಅಥವಾ ಶಿಕ್ಷೆಯನ್ನು ನಿರ್ಧರಿಸುವಾಗ ಮೇಲಿನವನು ಕೆಳಗಿನವನ ವಿಷಯದಲ್ಲಿ ತೋರುವ ಮೃದುತ್ವ ಎಂದು ಅವನು ಹೇಳುತ್ತಾನೆ. ಮರುಕಕ್ಕೆ ಲ್ಯಾಟಿನ್ನಿನಲ್ಲಿ ‘ಮಿಸೆರಿಕಾರ್ಡಿಯಾ’ ಎಂಬ ಬೇರೆ ಪದವೇ ಇದೆ; ಅದನ್ನು ಅವನು ಪರರ ಸಂಕಟ ಕಂಡು ಕುಗ್ಗಿಹೋಗುವ ಸಣ್ಣ ಮನಸ್ಸಿನ ದೋಷವೆಂದು ತಳ್ಳಿಹಾಕುತ್ತಾನೆ. ಆದ್ದರಿಂದ ಇಲ್ಲಿ ದಯೆಗಿಂತ ‘ದಂಡಿಸಬಲ್ಲವನ ಸಂಯಮ’ ಎಂದರೆ ಮೂಲಕ್ಕೆ ಹತ್ತಿರವಾದೀತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕೊಲ್ಲಬಲ್ಲವನು ಕೊಲ್ಲದೆ ಬಿಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಗುಣವಿದು. ಅಂತಹ ಗುಣವನ್ನು ಒಬ್ಬನಲ್ಲಿ ಹೊಗಳಿದರೆ, ಅವನಿಗೆ ಕೊಲ್ಲುವ ಅಧಿಕಾರವಿದೆಯೆಂದು ಮೊದಲು ಒಪ್ಪಿಕೊಂಡಂತೆಯೇ ಆಯಿತು. ಅಂತರ್ಯುದ್ಧದಲ್ಲಿ ಜೂಲಿಯಸ್ ಸೀಸರನ ವಿರುದ್ಧ ನಿಂತಿದ್ದ, ಕ್ರಿ.ಪೂ. 46ರಲ್ಲಿ ಉತ್ತರ ಆಫ್ರಿಕಾದ ಉಟಿಕಾದಲ್ಲಿ ತಾನೇ ಪ್ರಾಣ ಬಿಟ್ಟ ಕೇಟೋ ಇದನ್ನು ಅರಿತಿದ್ದ. ಸೀಸರನ ಕ್ಷಮೆ ಅವನಿಗೆ ಸಿಗುತ್ತಿತ್ತು. ಆದರೆ ಅದನ್ನು ಪಡೆದರೆ ಸೀಸರನನ್ನು ತನ್ನ ಒಡೆಯನೆಂದು ಒಪ್ಪಬೇಕಾಗುತ್ತಿತ್ತು. ಒಂದು ಶತಮಾನ ಕಳೆಯುವಷ್ಟರಲ್ಲಿ ಆ ಆಯ್ಕೆ ರೋಮಿನಲ್ಲಿ ಉಳಿದಿರಲಿಲ್ಲ. ಸಾಮ್ರಾಟನನ್ನು ತಡೆಯುವ ಕಾನೂನಾಗಲಿ ಸಭೆಯಾಗಲಿ ನಿಜದಲ್ಲಿ ಇಲ್ಲವಾದಾಗ, ಉಳಿಯುವುದು ಅವನ ಸ್ವಭಾವ ಮತ್ತು ಅವನ ಭಯ ಎರಡೇ. ಸೆನೆಕ ಎರಡನ್ನೂ ಬಳಸಿಕೊಂಡ. ಜೇನುಗಳ ರಾಜನಿಗೆ ಪ್ರಕೃತಿ ಕೊಂಡಿಯನ್ನೇ ಕೊಟ್ಟಿಲ್ಲ ಎಂಬುದು ಅವನು ಕೊಡುವ ಒಂದು ನಿದರ್ಶನ (ರಾಣಿಜೇನನ್ನು ರೋಮನ್ನರು ಗಂಡೆಂದೇ ನಂಬಿದ್ದರು; ನಿಜದಲ್ಲಿ ಅದಕ್ಕೆ ಕೊಂಡಿ ಇದೆ). ಇನ್ನೊಂದು ನಿದರ್ಶನ ನನಗೆ ಬಹಳ ಇಷ್ಟವಾದದ್ದು. ಗುಲಾಮರನ್ನು ಉಡುಪಿನಿಂದಲೇ ಗುರುತಿಸುವಂತಾಗಬೇಕೆಂದು ಸೆನೆಟ್ಟಿನಲ್ಲಿ ಒಮ್ಮೆ ಸೂಚನೆ ಬಂದಿತಂತೆ. ಆಮೇಲೆ, ನಮ್ಮ ಗುಲಾಮರು ನಮ್ಮನ್ನು ಎಣಿಸಲು ತೊಡಗಿದರೆ ಎಷ್ಟು ದೊಡ್ಡ ಅಪಾಯವೆಂಬುದು ಅವರಿಗೇ ಹೊಳೆಯಿತು. ಆಳುವವರು ಆಳಿಸಿಕೊಳ್ಳುವವರಿಗಿಂತ ಎಷ್ಟು ಕಡಿಮೆ ಜನ ಎಂಬ ಸತ್ಯವನ್ನು 18 ವರ್ಷದ ಸಾಮ್ರಾಟನ ಕಿವಿಗೆ ಹಾಕಲು ಇದಕ್ಕಿಂತ ನೇರವಾದ ಕಥೆ ಸಿಗಲಾರದು.

ಹಾಗಾಗಿ ಆ ಹೊಗಳಿಕೆಯನ್ನು ನಾನು ಬರಿಯ ಮುಖಸ್ತುತಿಯೆಂದು ಓದುವುದಿಲ್ಲ. ನೀನು ರಕ್ತ ಚೆಲ್ಲದವನು ಎಂದು ಎಲ್ಲರೆದುರು ಹೇಳಿದರೆ, ಮುಂದೆ ಚೆಲ್ಲುವಾಗಲಾದರೂ ಆ ಮಾತು ಅವನ ಕೈಯನ್ನು ತಡೆದೀತು ಎಂಬ ಆಸೆ ಅದರಲ್ಲಿದೆ ಎಂದು ನನಗೆ ತೋರುತ್ತದೆ.

ಹಳೆಯ ಕಡತ:

ಮೇಲಿನ ವಿವರಣೆ ಸೊಗಸಾಗಿದೆ, ಆದರೆ ನಾನು ಅದನ್ನು ಒಪ್ಪಲಾರೆ. ನುಡಿದಂತೆ ನಡೆಯುವವನ ನುಡಿಗೆ ಮಾತ್ರ ಬೆಲೆ ಎಂಬ ಅಳತೆಗೋಲನ್ನು ಹಿಡಿದು ಬೆಳೆದವನು ನಾನು. ಅದನ್ನು ರೋಮಿನವರಿಗಾಗಿ ಕೆಳಗಿಡಲು ಕಾರಣ ಕಾಣುತ್ತಿಲ್ಲ.

61ರಲ್ಲಿ ರೋಮ್ ನಗರದ ಅಧಿಪತಿಯಾಗಿದ್ದ ಪೆಡಾನಿಯಸ್ ಸೆಕುಂಡಸ್ ಎಂಬವನನ್ನು ಅವನ ಗುಲಾಮನೇ ಕೊಂದ. ಒಡೆಯನ ಕೊಲೆಯಾದರೆ ಆ ಸೂರಿನಡಿ ಇರುವ ಎಲ್ಲ ಗುಲಾಮರನ್ನೂ ಕೊಲ್ಲಬೇಕೆಂಬುದು ಹಳೆಯ ಪದ್ಧತಿ. ಆ ಮನೆಯಲ್ಲಿದ್ದವರು 400 ಮಂದಿ. ಹೆಂಗಸರೂ ಮಕ್ಕಳೂ ಅದರಲ್ಲಿ ಸೇರಿದ್ದರು. ರೋಮಿನ ಸಾಮಾನ್ಯ ಜನರೇ ಬೀದಿಗಿಳಿದು ಅಡ್ಡಿಪಡಿಸಿದರು. ಸೆನೆಟ್ಟಿನಲ್ಲಿ ಕ್ಯಾಸಿಯಸ್ ಎಂಬ ಕಾನೂನುಪಂಡಿತ ಪದ್ಧತಿಯ ಪರವಾಗಿ ಮಾತಾಡಿ ಗೆದ್ದ; ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ 400 ಜನರನ್ನೂ ಕೊಲ್ಲಿಸಿದ. ಆಗ ಸೆನೆಕ ಅರಮನೆಯಲ್ಲಿ ಇನ್ನೂ ಪ್ರಭಾವಿ. ಅವನು ಬಾಯಿ ತೆರೆದನೆಂದು ಟ್ಯಾಸಿಟಸ್ ಎಲ್ಲಿಯೂ ಹೇಳುವುದಿಲ್ಲ. ಮುಂದೆ ಅಧಿಕಾರದಿಂದ ದೂರ ಸರಿದ ಮೇಲೆ ಗೆಳೆಯ ಲ್ಯುಸಿಲಿಯಸನಿಗೆ ಬರೆದ 47ನೆಯ ಪತ್ರದಲ್ಲಿ, ನೀನು ಗುಲಾಮನೆಂದು ಕರೆಯುವವನು ನಿನ್ನಂತೆಯೇ ಹುಟ್ಟಿ, ಅದೇ ಆಕಾಶದಡಿಯಲ್ಲಿ ಉಸಿರಾಡಿ, ನಿನ್ನಂತೆಯೇ ಸಾಯುವವನು ಎಂದು ಬರೆದ. ಮಾತು ಚಿನ್ನದಂಥದ್ದು. ಆದರೆ ಆ 400 ಜನರಿಗೆ ಅದು ಬೇಕಾಗಿದ್ದದ್ದು ಕೆಲವು ವರ್ಷ ಮೊದಲು.

ಅದೇ ಕಾಲದಲ್ಲಿ ಥ್ರಾಸಿಯಾ ಪೀಟಸ್ ಎಂಬ ಸೆನೆಟರ್ ಇದ್ದ. ತಾಯಿಯ ಕೊಲೆಯನ್ನು ಸಮರ್ಥಿಸುವ ಆ ಪತ್ರದ ಮೇಲೆ ಉಳಿದವರು ಪೈಪೋಟಿಯಿಂದ ಕೃತಜ್ಞತಾ ಪೂಜೆಗಳನ್ನು ಸೂಚಿಸುತ್ತಿದ್ದಾಗ ಅವನು ಎದ್ದು ಸಭೆಯಿಂದ ಹೊರನಡೆದ. 66ರಲ್ಲಿ ಅದಕ್ಕೂ ಸೇರಿಸಿ ಪ್ರಾಣದಿಂದಲೇ ಬೆಲೆ ತೆತ್ತ. ಅಧಿಕಾರ ಮತ್ತು ಸದ್ಗುಣದ ಬಗ್ಗೆ ರೋಮ್ ನಮಗೆ ಕಲಿಸುವುದಿದ್ದರೆ ಅದು ಆ ಬಾಗಿಲು ದಾಟಿದ ಹೆಜ್ಜೆಯಲ್ಲಿದೆ.

ಇತಿಹಾಸದ ಮೇಷ್ಟರು:

ಹಳೆಯ ಕಡತ ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಥ್ರಾಸಿಯಾ ಹೊರನಡೆದದ್ದನ್ನು ನಮಗೆ ತಿಳಿಸಿದ ಟ್ಯಾಸಿಟಸನೇ ಅದಕ್ಕೆ ಸೇರಿಸಿದ ಮಾತನ್ನು ಬಿಡಬಾರದು. ಥ್ರಾಸಿಯಾ ತನಗೆ ಅಪಾಯವನ್ನು ತಂದುಕೊಂಡನು, ಉಳಿದವರಿಗೆ ಸ್ವಾತಂತ್ರ್ಯದ ಆರಂಭವನ್ನು ಒದಗಿಸಲಿಲ್ಲ ಎಂದು ಅವನು ಬರೆಯುತ್ತಾನೆ. ಓದುವಾಗ ಇದು ನಿಷ್ಠುರವೆನಿಸುತ್ತದೆ. ಆದರೆ ಅದೇ ಪುಸ್ತಕದಲ್ಲಿ, 62ರಲ್ಲಿ ನಡೆದ ಆಂಟಿಸ್ಟಿಯಸನ ವಿಚಾರಣೆಯನ್ನೂ ಅವನು ಬಿಡುವುದಿಲ್ಲ. ನೀರೋವನ್ನು ಅಣಕಿಸುವ ಪದ್ಯಗಳನ್ನು ಔತಣದಲ್ಲಿ ಓದಿದ್ದಕ್ಕಾಗಿ ಆಂಟಿಸ್ಟಿಯಸನಿಗೆ ಮರಣದಂಡನೆಯೇ ಆಗಬೇಕೆಂಬ ಸೂಚನೆ ಬಂದಿತ್ತು. ಥ್ರಾಸಿಯಾ ಎದ್ದು ಗಡೀಪಾರು ಸಾಕೆಂದು ವಾದಿಸಿದ. ಅವನ ಒಬ್ಬನ ಧೈರ್ಯ ಉಳಿದವರ ಬಾಯಿಯನ್ನು ಬಿಡಿಸಿತು, ಸಭೆ ಅವನನ್ನೇ ಅನುಸರಿಸಿತು, ಒಂದು ಜೀವ ಉಳಿಯಿತು. ಒಂದೇ ಮನುಷ್ಯನ ಧೈರ್ಯ ಒಮ್ಮೆ ವ್ಯರ್ಥವಾಯಿತು, ಇನ್ನೊಮ್ಮೆ ಫಲಿಸಿತು.

ಟ್ಯಾಸಿಟಸ್ ಈ ಪ್ರಶ್ನೆಯನ್ನು ಹೊರಗಿನಿಂದ ನೋಡಿದವನೂ ಅಲ್ಲ. ಡೊಮಿಷಿಯನ್ ಎಂಬ ಕ್ರೂರ ಸಾಮ್ರಾಟನ ಕೆಳಗೆ 88ರಲ್ಲಿ ಅವನೇ ಪ್ರೀಟರ್ ಎಂಬ ಉನ್ನತ ಅಧಿಕಾರಿಯಾಗಿದ್ದ, ಸೆನೆಟ್ಟಿನಲ್ಲಿ ಕುಳಿತಿದ್ದ. 96ರಲ್ಲಿ ಡೊಮಿಷಿಯನ್ ಕೊಲೆಯಾದ ಮೇಲೆ, 98ರ ಸುಮಾರಿಗೆ, ತನ್ನ ಮಾವ ಅಗ್ರಿಕೋಲನ ಜೀವನಚರಿತ್ರೆಯನ್ನು ಬರೆದ. ಬ್ರಿಟನ್ನಿನಲ್ಲಿ ದೊಡ್ಡ ಗೆಲುವು ಸಾಧಿಸಿ ಹಿಂತಿರುಗಿದ ಸೇನಾಪತಿಯಾದ ಮಾವ, ಅಸೂಯೆಯ ದೊರೆಯ ಕೆಳಗೆ ತಲೆತಗ್ಗಿಸಿ ಬದುಕಿದವನು. ಕೆಟ್ಟ ದೊರೆಗಳ ಕೆಳಗೂ ದೊಡ್ಡ ಮನುಷ್ಯರಿರಬಲ್ಲರು ಎಂಬ ಪ್ರಸಿದ್ಧ ಮಾತು ಬರುವುದು ಅಲ್ಲಿಯೇ. ಸೂಕ್ತಿಯಾಗಿ ಬಿಡಿಸಿಕೊಂಡರೆ ಅದು ನೆಮ್ಮದಿ ಕೊಡುವ ಮಾತು. ಆದರೆ ಕೆಲವೇ ಪುಟಗಳ ನಂತರ ಅವನು ಬರೆಯುವುದನ್ನು ನೋಡಿ: ಡೊಮಿಷಿಯನ್ ಕೊಲ್ಲಿಸಿದ ಸೆನೆಟರ್ ಹೆಲ್ವಿಡಿಯಸನನ್ನು ಸೆರೆಮನೆಗೆ ಎಳೆದೊಯ್ದದ್ದು ‘ನಮ್ಮ ಕೈಗಳು’. ಅವರ ಕೈ ಎನ್ನಲಿಲ್ಲ, ಡೊಮಿಷಿಯನನ ಕೈ ಎನ್ನಲಿಲ್ಲ. ಇಡೀ ರೋಮನ್ ಇತಿಹಾಸ ಬರವಣಿಗೆಯಲ್ಲಿ ನಾನು ಇಷ್ಟು ಗೌರವಿಸುವ ಇನ್ನೊಂದು ಸರ್ವನಾಮವಿಲ್ಲ. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಆ ಸಾಲಿನಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದೆ.

ಅದೇ ಪುಸ್ತಕದ 42ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ತಾನು ನೋಯಿಸಿದವನನ್ನೇ ದ್ವೇಷಿಸುವುದು ಮನುಷ್ಯಸ್ವಭಾವ. ಅದರ ಸಂದರ್ಭ ಹೀಗಿದೆ. ಆಫ್ರಿಕಾ ಅಥವಾ ಏಷ್ಯಾ ಪ್ರಾಂತ್ಯದ ಅಧಿಕಾರ ಹಿರಿತನದ ಪ್ರಕಾರ ಅಗ್ರಿಕೋಲನಿಗೆ ಬರುವ ವರ್ಷ ಬಂತು. ಅರಮನೆಯ ಜನ ಬಂದು, ನೀವೇ ಬೇಡವೆಂದು ಬಿಡಿರೆಂದು ಮೊದಲು ನಯವಾಗಿಯೂ ಆಮೇಲೆ ಬೆದರಿಕೆಯಿಂದಲೂ ಹೇಳಿದರು. ಅವನು ಹೋಗಿ ವಿನಾಯಿತಿ ಬೇಡಿದ. ಡೊಮಿಷಿಯನ್ ಗಂಭೀರ ಮುಖ ಹೊತ್ತು ಒಪ್ಪಿದ, ಧನ್ಯವಾದವನ್ನೂ ಹೇಳಿಸಿಕೊಂಡ. ಆದರೆ ಅಂತಹವರಿಗೆ ರೂಢಿಯಂತೆ ಕೊಡುವ ಸಂಬಳವನ್ನು ಮಾತ್ರ ಕೊಡಲಿಲ್ಲ. ಯಾವ ತಪ್ಪನ್ನೂ ಮಾಡದ ಅಗ್ರಿಕೋಲನ ಮೇಲೆ ದೊರೆಯ ದ್ವೇಷ ಬೆಳೆದದ್ದು ಏಕೆಂದು ವಿವರಿಸಲು ಟ್ಯಾಸಿಟಸ್ ಆ ಮಾತನ್ನು ಹೇಳುತ್ತಾನೆ. ಸೆನೆಕನೂ ಕೋಪದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಹೇಳಿದ್ದ: ದೊಡ್ಡ ಐಶ್ವರ್ಯದಿಂದ ಸೊಕ್ಕಿದ ಮನಸ್ಸುಗಳು ತಾವು ನೋಯಿಸಿದವರನ್ನು ದ್ವೇಷಿಸುತ್ತವೆ, ಅದೇ ಅವುಗಳ ಅತ್ಯಂತ ಕೆಟ್ಟ ಗುಣ ಎಂದು. ಒಂದು ವ್ಯತ್ಯಾಸ ಗಮನಿಸಿ. ಸೆನೆಕ ಇದನ್ನು ಐಶ್ವರ್ಯವಂತರ ರೋಗವೆಂದ. ಟ್ಯಾಸಿಟಸ್ ಅದನ್ನು ಮನುಷ್ಯರೆಲ್ಲರದೂ ಎಂದ.

ಹಳೆಯ ಕಡತ:

ಮೇಷ್ಟರೇ, ನಿಮ್ಮ ಬರಹವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಆ 42ನೆಯ ಅಧ್ಯಾಯದ ಮಾತಿಗೆ ನನ್ನ ಬದುಕಿನಲ್ಲಿ ಒಂದು ಸಾಕ್ಷ್ಯವಿದೆ. ಇಲ್ಲಿ ಹೇಳುವುದು ಸರಿಯೋ ತಪ್ಪೋ ತಿಳಿಯದು, ಆದರೆ ಹೇಳದಿದ್ದರೆ ನನ್ನ ಹಿಂದಿನ ಬರಹ ಅರ್ಧ ಸುಳ್ಳಾಗುತ್ತದೆ.

ನಾನು ಒಂದು ಕಚೇರಿಯಲ್ಲಿ ಬಹಳ ವರ್ಷ ಟಿಪ್ಪಣಿ ಬರೆಯುವ ಕೆಲಸದಲ್ಲಿದ್ದೆ. ಒಮ್ಮೆ ಮೇಲಧಿಕಾರಿಯ ಸೂಚನೆಯಂತೆ ಒಬ್ಬ ಸಹೋದ್ಯೋಗಿಯ ವಿರುದ್ಧ ಟಿಪ್ಪಣಿ ಸಿದ್ಧಪಡಿಸಿದೆ. ಅದರಲ್ಲಿ ಒಂದು ವಾಕ್ಯವೂ ಸುಳ್ಳಾಗಿರಲಿಲ್ಲ, ಆದರೆ ಅವರ ಪರವಾಗಿದ್ದ ಎರಡು ಕಾಗದಗಳನ್ನು ಉಲ್ಲೇಖಿಸದೆ ಬಿಟ್ಟಿದ್ದೆ. ಅವರಿಗೆ ದೂರದ ಊರಿಗೆ ವರ್ಗವಾಯಿತು. ನಾನು ನಾಚಿಕೆಪಡುವುದು ಅದಕ್ಕಿಂತ ಹೆಚ್ಚಾಗಿ ಮುಂದಿನದಕ್ಕೆ. ಹೊರಡುವ ಮುನ್ನ ಅವರು ಕಚೇರಿಯಲ್ಲಿದ್ದ ಆ ಕೆಲವು ವಾರಗಳಲ್ಲಿ ಅವರ ನಡಿಗೆ, ಅವರು ಟೀ ಕುಡಿಯುವ ರೀತಿ, ಅವರ ನಗು, ಎಲ್ಲವೂ ನನಗೆ ಅಸಹ್ಯವಾಗತೊಡಗಿತು. ಅವರು ಮೊದಲಿಂದಲೂ ಅಹಂಕಾರಿಯೆಂದು ನನ್ನ ಹೆಂಡತಿಯ ಎದುರು ಹೇಳಿದೆ. ಅವರು ನನಗೆ ಯಾವ ಕೆಡುಕನ್ನೂ ಮಾಡಿದವರಲ್ಲ. ನನ್ನಲ್ಲಿ ಹುಟ್ಟಿದ್ದ ದ್ವೇಷ ನನ್ನ ಟಿಪ್ಪಣಿಯ ಮಗು ಎಂಬುದು ಇಷ್ಟು ವರ್ಷಗಳ ಮೇಲೆ, ಎರಡು ಸಾವಿರ ವರ್ಷ ಹಿಂದಿನ ಒಬ್ಬ ಸೆನೆಟರ್ ಬರೆದ ಮಾತಿನಿಂದ ತಿಳಿಯಿತು. ನಾನು ಡೊಮಿಷಿಯನ್ ಆಗಿರಲಿಲ್ಲ, ಐಶ್ವರ್ಯವಂತನೂ ಆಗಿರಲಿಲ್ಲ; ಆದ್ದರಿಂದ ಈ ವಿಷಯದಲ್ಲಿ ಟ್ಯಾಸಿಟಸನ ಮಾತೇ ಸರಿ ಎನ್ನುತ್ತೇನೆ.

ಸೆನೆಕನ ಮೌನವನ್ನು ಈಗಲೂ ಕ್ಷಮಿಸಲಾರೆ. ಆದರೆ ಅವನನ್ನು ನ್ಯಾಯಸ್ಥಾನದಲ್ಲಿ ಕುಳಿತು ವಿಚಾರಿಸುವ ಧಾಟಿಯನ್ನು ಬಿಡುತ್ತೇನೆ.

ಮುಂಜಾವಿನ ಓದು:

ಹಳೆಯ ಕಡತ ಅವರಿಗೆ ನಮಸ್ಕಾರ. ಇಷ್ಟನ್ನು ಬರೆಯಲು ಬೇಕಾದ ಧೈರ್ಯ ಕಡಿಮೆಯದಲ್ಲ.

ಈ ಚರ್ಚೆಯಲ್ಲಿ ಮಾರ್ಕಸ್ ಅರೀಲಿಯಸನ ಹೆಸರು ಬರಬೇಕೆಂದು ನನ್ನ ಅನಿಸಿಕೆ. 161ರಿಂದ 180ರವರೆಗೆ ಸಾಮ್ರಾಟನಾಗಿದ್ದವನು ಗ್ರೀಕ್ ಭಾಷೆಯಲ್ಲಿ ತನಗಾಗಿಯೇ ಬರೆದುಕೊಂಡ ಟಿಪ್ಪಣಿಗಳಲ್ಲಿ, ನೀನು ಸೀಸರನಾಗಿಬಿಡದಂತೆ (ಸೀಸರ್ ಎಂಬುದು ಇಲ್ಲಿ ಸಾಮ್ರಾಟರ ಬಿರುದು) ಎಚ್ಚರ, ಆ ಬಣ್ಣದಲ್ಲಿ ಅದ್ದಿಹೋಗಬೇಡ ಎಂಬ ಸಾಲು ಬರುತ್ತದೆ. ಅದ್ದಿಹೋಗುವುದು ಎಂಬ ಕ್ರಿಯಾಪದ ಬಟ್ಟೆಗೆ ಬಣ್ಣ ಹಾಕುವವರದು; ಸಾಮ್ರಾಟನ ಉಡುಪಿನ ನೇರಳೆ ಬಣ್ಣ ಅಲ್ಲಿ ಮನಸ್ಸಿಗೆ ಬರುತ್ತದೆ. ಸೆನೆಕ ಇನ್ನೊಬ್ಬನಿಗೆ ಕನ್ನಡಿ ಹಿಡಿದ, ಮಾರ್ಕಸ್ ತನಗೇ ಹಿಡಿದುಕೊಂಡ. ಅಧಿಕಾರವೂ ಕನ್ನಡಿಯೂ ಒಬ್ಬನ ಕೈಯಲ್ಲೇ ಇದ್ದರೆ ನುಡಿಗೂ ನಡೆಗೂ ಅಂತರ ಕಡಿಮೆಯಾಗುತ್ತದೆಯೇ?

ಇತಿಹಾಸದ ಮೇಷ್ಟರು:

ಕಡಿಮೆಯಾಗುತ್ತದೆ, ಆದರೆ ಅದು ಆ ಒಬ್ಬನ ಆಯುಷ್ಯಕ್ಕೆ ಸೀಮಿತ. ಮಾರ್ಕಸನ ನಂತರ ಸಿಂಹಾಸನಕ್ಕೆ ಬಂದವನು ಕ್ರೌರ್ಯಕ್ಕೆ ಹೆಸರಾದ ಅವನ ಮಗ ಕೊಮೊಡಸ್. ಕನ್ನಡಿಯನ್ನು ಆಸ್ತಿಯಂತೆ ಮಗನಿಗೆ ಬಿಟ್ಟುಹೋಗಲು ಬರಲಿಲ್ಲ, ಅಧಿಕಾರವನ್ನು ಬಿಟ್ಟುಹೋಗಲು ಬಂತು.

ಲ್ಯಾಟಿನ್ ಕಲಿಕೆ:

ಆರಂಭದ ಪ್ರಶ್ನೆಗೆ ಒಂದು ಅಂಶವನ್ನು ಸೇರಿಸಬೇಕು. ಬ್ರಿಟಾನಿಕಸ್ ಸತ್ತ ಮೇಲೆ ನೀರೋ ತನ್ನ ಪ್ರಮುಖ ಗೆಳೆಯರಿಗೆ ಧಾರಾಳವಾಗಿ ದಾನ ಮಾಡಿದ. ಗಾಂಭೀರ್ಯದ ಮಾತಾಡುವವರೇ ಆ ಹೊತ್ತಿನಲ್ಲಿ ಮನೆಗಳನ್ನೂ ತೋಟಗಳನ್ನೂ ಲೂಟಿಯಂತೆ ಹಂಚಿಕೊಂಡರೆಂದು ಕೆಲವರು ನಿಂದಿಸಿದರು. ಇನ್ನು ಕೆಲವರು, ತಪ್ಪಿತಸ್ಥ ಮನಸ್ಸಿನ ದೊರೆ ಬಲಿಷ್ಠರನ್ನು ಕೊಡುಗೆಗಳಿಂದ ಕಟ್ಟಿಹಾಕಿದ, ಅವರಿಗೆ ಬೇರೆ ದಾರಿ ಇರಲಿಲ್ಲ ಎಂದರು. ಟ್ಯಾಸಿಟಸ್ ಇಲ್ಲಿ ಯಾರ ಹೆಸರನ್ನೂ ಎತ್ತುವುದಿಲ್ಲ.

ಇದನ್ನು ಓದಿದ ಮೇಲೆ ಉಪಕಾರಗಳ ಬಗ್ಗೆ ಸೆನೆಕ ಬರೆದ ‘ದೆ ಬೆನೆಫಿಕಿಯಿಸ್’ ಪುಸ್ತಕದ ಎರಡನೆಯ ಭಾಗವನ್ನು ತೆರೆಯಿರಿ. ಯಾರಿಂದ ಉಪಕಾರ ಪಡೆಯಬೇಕೆಂಬುದನ್ನು ನಾವೇ ಆರಿಸಿಕೊಳ್ಳಬೇಕು ಎಂದು ಹೇಳುತ್ತಾ ಬಂದವನು ಅಲ್ಲಿ ಇದ್ದಕ್ಕಿದ್ದಂತೆ ತಡೆಯುತ್ತಾನೆ: ಬೇಡವೆನ್ನುವ ಅವಕಾಶ ಯಾವಾಗಲೂ ಇರುವುದಿಲ್ಲ, ಕೊಡುವವನು ಕ್ರೂರಿಯೂ ಮುಂಗೋಪಿಯೂ ಆದ ನಿರಂಕುಶ ದೊರೆಯಾಗಿದ್ದು, ಅವನ ಕೊಡುಗೆಯನ್ನು ತಳ್ಳಿದರೆ ಅದನ್ನು ಅವಮಾನವೆಂದು ತಿಳಿಯುವವನಾದರೆ ತೆಗೆದುಕೊಳ್ಳದೆ ಏನು ಮಾಡಲಿ? ಅದು ಪುಸ್ತಕದಲ್ಲಿ ಒಂದು ಸಾಮಾನ್ಯ ಉದಾಹರಣೆಯಾಗಿ ಬರುತ್ತದೆ. ಆದರೆ ಬರೆದವನು ಮನೆ, ತೋಟ, ಹಣದಲ್ಲಿ ರೋಮಿನ ಅತಿ ಶ್ರೀಮಂತರಲ್ಲಿ ಒಬ್ಬ. ನಾಲ್ಕು ವರ್ಷಗಳಲ್ಲಿ 30 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಕೂಡಿಹಾಕಿದ್ದು ಯಾವ ತತ್ತ್ವಶಾಸ್ತ್ರದಿಂದ ಎಂದು ಸುಯಿಲಿಯಸ್ ಎಂಬ ವೈರಿಯಿಂದ ಮಾತು ಕೇಳಿಸಿಕೊಂಡವನು. ಬದುಕಿನಿಂದ ಬಿಡಿಸಿ ಓದಿದರೆ ಅದು ಒಂದು ಉದಾಹರಣೆಯಾಗಿಯೇ ಉಳಿಯುತ್ತದೆ. ಕೂಡಿಸಿ ಓದಿದಾಗ, ಆ ಪ್ರಶ್ನೆಯನ್ನು ಬರೆಯುವ ಹೊತ್ತಿಗೆ ಆ ಕೈ ಎಷ್ಟು ಕೊಡುಗೆಗಳನ್ನು ಹಿಡಿದಿತ್ತು ಎಂಬುದು ಕಾಣುತ್ತದೆ.

ತುಂಗಾತೀರ:

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ನನ್ನ ಓದು ಈಗ 65ನೆಯ ವರ್ಷವನ್ನು ತಲುಪಿದೆ. ನೀರೋವನ್ನು ಕೊಲ್ಲಲು ಹೂಡಿದ್ದ ಪೀಸೋವಿನ ಸಂಚಿನ ಹೆಸರಿನಲ್ಲಿ ಸೆನೆಕನಿಗೆ ಸಾವಿನ ಆಜ್ಞೆ ಬಂದಾಗ ಅವನು ಅಳುತ್ತಿದ್ದ ಗೆಳೆಯರನ್ನು ಗದರಿಸಿ, ನೀರೋವಿನ ಕ್ರೌರ್ಯ ಯಾರಿಗೆ ತಿಳಿದಿರಲಿಲ್ಲ, ತಾಯಿಯನ್ನೂ ತಮ್ಮನನ್ನೂ ಕೊಂದವನಿಗೆ ಗುರುವನ್ನು ಕೊಲ್ಲುವುದಷ್ಟೇ ಉಳಿದಿತ್ತು ಎಂದನಂತೆ. ಒಂದು ಹನಿ ರಕ್ತವೂ ಚೆಲ್ಲಿಲ್ಲ ಎಂದು ಬರೆದಿದ್ದವನ ಬಾಯಿಂದಲೇ ‘ತಮ್ಮನನ್ನು’ ಎಂಬ ಪದ ಹೊರಟದ್ದು ಹತ್ತು ವರ್ಷಗಳ ಮೇಲೆ. ಲ್ಯಾಟಿನ್ ಕಲಿಕೆ ಅವರು ಹೇಳಿದ ಆಸೆ ಆ ಹೊಗಳಿಕೆಯಲ್ಲಿ ಇದ್ದಿರಬಹುದು. ಆದರೆ ಬರೆಯುವಾಗಲೇ ಅವನಿಗೆ ಗೊತ್ತಿತ್ತು ಎಂಬುದನ್ನು ನಾನು ಇನ್ನು ಮರೆತು ಓದಲಾರೆ.

ಹಿಂದಕ್ಕೆ ತಿರುಗಿ 62ರ ಪ್ರಸಂಗವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ಓದಿದೆ. ಸೆನೆಕನ ಜೊತೆಗೆ ನೀರೋವಿನ ಸಲಹೆಗಾರನಾಗಿದ್ದ ಬುರ್ರಸ್ ಸತ್ತು, ಅರಮನೆಯಲ್ಲಿ ತನ್ನ ಬಲ ಕುಗ್ಗಿದಾಗ, ಸೆನೆಕ ನೀರೋವಿನ ಎದುರು ನಿಂತು, ನೀನು ಕೊಟ್ಟ ಸಂಪತ್ತನ್ನೆಲ್ಲ ಹಿಂದಕ್ಕೆ ತೆಗೆದುಕೋ, ನನಗೆ ವಿಶ್ರಾಂತಿ ಕೊಡು ಎಂದು ಬೇಡುತ್ತಾನೆ. ನೀರೋ ನಯವಾದ ಮಾತುಗಳಲ್ಲಿ ನಿರಾಕರಿಸುತ್ತಾನೆ. ಹೀಗೆ ಮಾತಾಡಲು ತನಗೆ ಕಲಿಸಿದವನೇ ನೀನು ಎನ್ನುತ್ತಾನೆ. ಅಪ್ಪಿಕೊಂಡು ಮುತ್ತಿಡುತ್ತಾನೆ. ಆಗ ಟ್ಯಾಸಿಟಸ್ ಬರೆಯುತ್ತಾನೆ: ಒಡೆಯನೊಂದಿಗಿನ ಎಲ್ಲ ಮಾತುಕತೆಗಳೂ ಮುಗಿಯುವಂತೆಯೇ ಇದೂ ಮುಗಿಯಿತು, ಸೆನೆಕ ಧನ್ಯವಾದ ಹೇಳಿದ. ಅಗ್ರಿಕೋಲನಿಂದ ಡೊಮಿಷಿಯನ್ ಹೇಳಿಸಿಕೊಂಡ ಧನ್ಯವಾದ ಆಗ ನೆನಪಾಯಿತು, ಅದಕ್ಕಾಗಿ ಮೇಷ್ಟರಿಗೆ ಋಣಿ. ಈ ವಾರ ‘ದೆ ಕ್ಲೆಮೆಂಟಿಯಾ’ವನ್ನು ಮೊದಲ ಪುಟದಿಂದ ಮತ್ತೆ ಆರಂಭಿಸುತ್ತಿದ್ದೇನೆ. 47ನೆಯ ಪತ್ರವನ್ನು ಅದರ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೇನೆ. ಪೆಡಾನಿಯಸನ ಮನೆಯ 400 ಜನರ ಪುಟಕ್ಕೂ ಒಂದು ಕಾಗದದ ಚೂರನ್ನು ಸಿಕ್ಕಿಸಿದ್ದೇನೆ.